ನಾಟಿ ಕೋಳಿ, ಫಾರಂ ಕೋಳಿ ಮತ್ತು ನಮ್ಮ ಹಿತ್ತಿಲು



ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ವೇಪನಹಳ್ಳಿ ಕಡೆಯ ಯಾವುದೇ ಬೀದಿಯಲ್ಲಿ ನಿಂತರೂ ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಎದುರು ಮನೆಯಲ್ಲಿ ತಮಿಳು. ಆದರೆ ಈ ಮೂರೂ ಮನೆಗಳ ಹಿತ್ತಿಲಲ್ಲಿ ತಿಪ್ಪೆ ಕೆದರುವ ಹಕ್ಕಿಗೆ ಹೆಸರು ಬಹುಮಟ್ಟಿಗೆ ಒಂದೇ. ನಾವು ಕೋಳಿ ಎನ್ನುತ್ತೇವೆ. ತಮಿಳರು ನಾಲಿಗೆಯನ್ನು ಸ್ವಲ್ಪ ಮಡಿಸಿ ಅದೇ ಮಾತನ್ನು ಹೇಳುತ್ತಾರೆ. ತೆಲುಗರು ಕೋಡಿ ಎನ್ನುತ್ತಾರೆ. ಮೂರೂ ಒಂದೇ ಬೇರಿನಿಂದ ಬಂದ ಮಾತುಗಳು.

ನಮ್ಮ ಸೀಮೆಯ ಹೆಸರು, ಗಡಿ, ಕಚೇರಿ ಎಲ್ಲವೂ ಬದಲಾಗುತ್ತಾ ಬಂದಿವೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದವು, ನಾವು ಗಡಿಯ ಈಚೆ ಉಳಿದೆವು. ಮೊದಲು ಸೇಲಂ ಜಿಲ್ಲೆಯಲ್ಲಿದ್ದೆವು, 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯವರಾದೆವು. ಇವೆಲ್ಲಕ್ಕೂ ದಾಖಲೆ ಇದೆ. ಹಿತ್ತಿಲ ಕೋಳಿಗೆ ಮಾತ್ರ ಯಾರೂ ಚರಿತ್ರೆ ಬರೆದಿಲ್ಲ. ಅದಕ್ಕೂ ಒಂದು ಚರಿತ್ರೆ ಇದೆ, ಆ ಚರಿತ್ರೆ ತಿಳಿದರೆ ಕೋಳಿ ಸಾಕುವವರಿಗೆ ಲಾಭವೂ ಇದೆ ಎಂದು ಹೇಳುವುದೇ ಈ ಬರಹದ ಉದ್ದೇಶ. ನಾನು ಪಶುವೈದ್ಯನಲ್ಲ, ಇತಿಹಾಸದ ಪಂಡಿತನೂ ಅಲ್ಲ. ಎಸ್ಸೆಸ್ಸೆಲ್ಸಿ ಓದಿ, 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೂಡಿ ಕಳೆಯುವ ಅಭ್ಯಾಸ ಕೈಬಿಟ್ಟಿಲ್ಲ. ಹಾಗಾಗಿ ಈ ಲೇಖನದಲ್ಲಿ ಕಥೆಯ ಜೊತೆಗೆ ಲೆಕ್ಕವೂ ಬರುತ್ತದೆ.

ಕಾಡಿನಿಂದ ಬಂದ ಹಕ್ಕಿ

ಮೊದಲು ಮೂಲದ ಮಾತು. ನಮ್ಮ ಸಾಕು ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. 2020ರಲ್ಲಿ ವಿಜ್ಞಾನಿಗಳು ನೂರಾರು ಕೋಳಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿ, ಅದು ಮೊದಲು ಪಳಗಿದ್ದು ಚೀನಾದ ನೈಋತ್ಯ ಭಾಗ, ಬರ್ಮಾ ಮತ್ತು ಉತ್ತರ ಥಾಯ್ಲೆಂಡಿನ ಕಡೆ ಎಂದು ತೀರ್ಮಾನಿಸಿದರು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಸಾಕು ಕೋಳಿಯದೆಂದು ನಂಬಬಹುದಾದ ಅತ್ಯಂತ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ. ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ. ಜನ ಭತ್ತ ಮತ್ತು ಕಿರುಧಾನ್ಯ ಬೆಳೆದರು. ಕಣದಲ್ಲಿ ಉದುರಿದ ಕಾಳಿಗೆ ಕಾಡುಕೋಳಿ ಇಳಿದು ಬಂತು. ಬಂದದ್ದು ಹಾಗೆಯೇ ಉಳಿಯಿತು. ಕಾಳಿಗಾಗಿ ಬಂದ ಹಕ್ಕಿ ಇದು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಮೇವಿನ ಮಾತು ಬಂದಾಗ ಬೇಕಾಗುತ್ತದೆ.

ಹಾಗಾದರೆ ನಮ್ಮ ಸೀಮೆಯ ಪಾಲು ಏನೂ ಇಲ್ಲವೇ ಎಂದು ಕೇಳಬಹುದು. ಇದೆ. ನಿಮ್ಮ ಮನೆಯ ಕೋಳಿಯ ಕಾಲು ನೋಡಿ. ಕೆಲವಕ್ಕೆ ಅರಿಸಿನ ಬಳಿದ ಹಾಗೆ ಹಳದಿ ಕಾಲಿರುತ್ತದೆ. ಈ ಹಳದಿ ಚರ್ಮದ ಗುಣ ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಪತ್ತೆಯಾಯಿತು. ಬೂದು ಕಾಡುಕೋಳಿ ಭಾರತದ್ದೇ ಹಕ್ಕಿ. ಮುಖ್ಯವಾಗಿ ದಕ್ಷಿಣದ ಕಾಡುಗಳಲ್ಲಿ ಇರುತ್ತದೆ. ನಮ್ಮ ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕಾಡಿನಲ್ಲಿ ಬೆಳಗಿನ ಜಾವ ಕೂಗುವುದು ಅದೇ. ಅಂದರೆ ಸಾಕು ಕೋಳಿ ನಮ್ಮ ಕಡೆಗೆ ಬಂದ ಮೇಲೆ ಇಲ್ಲಿನ ಕಾಡುಕೋಳಿಯ ಜೊತೆ ಬೆರೆತು, ಆ ಗುಣವನ್ನು ಹೊತ್ತುಕೊಂಡು ಲೋಕವೆಲ್ಲ ಸುತ್ತಿದೆ. ಶುದ್ಧ ತಳಿ, ಬೆರಕೆ ತಳಿ ಎಂದು ಈಗ ನಾವು ವಾದ ಮಾಡುತ್ತೇವೆ. ಮೊದಲಿನಿಂದಲೂ ಕೋಳಿ ಬೆರಕೆಯೇ. ಕಾಡುಕೋಳಿಯನ್ನು ಹಿಡಿಯುವುದು, ಅದರ ಮೊಟ್ಟೆ ತಂದು ಕಾವಿಗೆ ಇಡುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕಲ್ಲಿನಲ್ಲಿ ನಿಂತ ಹುಂಜ

ಕೃಷ್ಣಗಿರಿ, ಧರ್ಮಪುರಿ ಕಡೆ ಹೊಲದ ಬದುವಿನಲ್ಲಿ ವೀರಗಲ್ಲುಗಳು ಧಾರಾಳವಾಗಿ ಕಾಣಸಿಗುತ್ತವೆ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೆ, ಹುಲಿಯೊಡನೆ ಹೋರಾಡಿ ಸತ್ತವನಿಗೆ ನಿಲ್ಲಿಸಿದ ಕಲ್ಲುಗಳು. ಆದರೆ ತಮಿಳುನಾಡಿನಲ್ಲಿ ಹುಂಜಕ್ಕೆ ನಿಲ್ಲಿಸಿದ ವೀರಗಲ್ಲುಗಳೂ ಇವೆ ಎಂದರೆ ನಂಬುತ್ತೀರಾ? ವಿಳುಪ್ಪುರದ ಹತ್ತಿರದ ಅರಸಲಾಪುರದಲ್ಲಿ ಒಂದು, ಇಂದಳೂರಿನಲ್ಲಿ ಇನ್ನೊಂದು. ಎರಡರಲ್ಲೂ ಎದೆಯುಬ್ಬಿಸಿ ನಿಂತ ಹುಂಜದ ಚಿತ್ರವಿದೆ, ಹಳೆಯ ವಟ್ಟೆಳುತ್ತು ಲಿಪಿಯ ಬರಹವಿದೆ. ಕೋಳಿ ಕಾಳಗದಲ್ಲಿ ಹೋರಾಡಿ ಸತ್ತ ಹುಂಜಗಳ ನೆನಪಿಗೆ ಸುಮಾರು 5ನೆಯ ಶತಮಾನದಲ್ಲಿ ನಿಲ್ಲಿಸಿದ್ದು ಎಂದು ವಿದ್ವಾಂಸರು ಹೇಳುತ್ತಾರೆ.

ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ್ದು ಕ್ರಿ.ಶ. 949-50ರ ಸುಮಾರಿನಲ್ಲಿ. ಇನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಕೋಳಿ ಕಾಳಗವೂ ಅರಸನ ವಿನೋದಗಳಲ್ಲಿ ಒಂದಾಗಿ ಸೇರಿದೆ.

ಈಗ ಒಂದು ವಿಷಯ ಗಮನಿಸಿ. ಕಲ್ಲಿನಲ್ಲಿಯೂ ಗ್ರಂಥದಲ್ಲಿಯೂ ಹೆಸರು ಪಡೆದದ್ದು ಹುಂಜ. ಮೊಟ್ಟೆಯಿಟ್ಟು, 21 ದಿನ ಕಾವು ಕೂತು, ಹದ್ದಿನೊಡನೆ ಕಾದಾಡಿ ಮರಿ ಉಳಿಸಿದ ಹೇಂಟೆಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಹುಂಜ ಗಂಡಸರ ಪಣದ ವಸ್ತುವಾಗಿತ್ತು, ಹೇಂಟೆ ಹೆಂಗಸರ ಬಾಳಿನ ಆಧಾರವಾಗಿತ್ತು. ನಮ್ಮ ಹಿತ್ತಿಲ ನಿಜವಾದ ಚರಿತ್ರೆ ಆ ಹೇಂಟೆಯದು. ಕೋಳಿ ಕಾಳಗ ಇಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೆ ಒಳಪಟ್ಟ ಅಪರಾಧ. ಹೇಂಟೆಯ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.

ಹೆಂಗಸರ ಬ್ಯಾಂಕು

ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಇತ್ತು. ಕೋಳಿಯನ್ನು ಪಾಲಿಗೆ ಕೊಡುವುದು. ನನ್ನ ಹತ್ತಿರ ಒಳ್ಳೆಯ ಹೇಂಟೆ ಇದೆ, ನಿಮ್ಮ ಹತ್ತಿರ ಇಲ್ಲ ಎನ್ನಿ. ನಾನು ಹೇಂಟೆ ಕೊಡುತ್ತೇನೆ, ನೀವು ಸಾಕುತ್ತೀರಿ, ಆದ ಮರಿಗಳಲ್ಲಿ ಅರ್ಧ ನನಗೆ, ಅರ್ಧ ನಿಮಗೆ. ಮದುವೆಯಾಗಿ ಹೊಸದಾಗಿ ಬೇರೆ ಮನೆ ಹೂಡಿದ ಸೊಸೆ, ಗಂಡನನ್ನು ಕಳೆದುಕೊಂಡ ಅಕ್ಕ, ಇಂಥವರು ಹೀಗೆಯೇ ಕೋಳಿ ಕಟ್ಟುತ್ತಿದ್ದರು. ಪತ್ರವಿಲ್ಲ, ಜಾಮೀನಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಹೇಂಟೆ ರೋಗ ಬಂದು ಸತ್ತರೆ ಇಬ್ಬರಿಗೂ ನಷ್ಟ. ಕೊಟ್ಟವಳು ಬಂದು ಕೋಳಿಯ ಬೆಲೆ ಕೇಳುತ್ತಿರಲಿಲ್ಲ.

ಕೋಳಿಯ ದುಡ್ಡು ಹೆಂಗಸರ ಕೈಯಲ್ಲೇ ಇರುತ್ತಿತ್ತು. ಮಗುವಿನ ಪುಸ್ತಕ, ಔಷಧಿ, ಬಸ್ಸಿನ ಖರ್ಚು, ತವರಿಗೆ ಹೋಗಿ ಬರುವ ದಾರಿಗಾಸು, ಇವು ಕೋಳಿ ಮಾರಿದ ಹಣದಲ್ಲಿ ನಡೆಯುತ್ತಿದ್ದವು. ಹಸು ಮಾರಬೇಕಾದರೆ ಗಂಡನನ್ನು ಕೇಳಬೇಕು, ರಾಗಿ ಮಾರಬೇಕಾದರೆ ಮಾವನನ್ನು ಕೇಳಬೇಕು. ಕೋಳಿ ಮಾರಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದಕ್ಕೇ ನಾನು ಇದನ್ನು ಹೆಂಗಸರ ಬ್ಯಾಂಕು ಎಂದು ಕರೆಯುವುದು.

ಹಿತ್ತಿಲ ಹಿಂಡು ಆಗಲೂ ಒಂದೇ ಬಣ್ಣದ್ದಾಗಿರಲಿಲ್ಲ. ಕೆಂಪು, ಕಪ್ಪು, ಬಿಳಿ, ಬೂದಿ, ಚುಕ್ಕೆ, ಬೋಳು ಕುತ್ತಿಗೆ, ಗಿಡ್ಡ ಕಾಲು, ಎಲ್ಲವೂ ಕಲಸಿರುತ್ತಿದ್ದವು. ಅದಕ್ಕೆ ಕಾರಣವೂ ಇತ್ತು. ಮಾರಮ್ಮನ ಹರಕೆಗೆ ಇಂಥ ಬಣ್ಣದ್ದೇ ಹುಂಜ ಬೇಕು ಎಂದು ಕೇಳಿಕೊಂಡು ಬರುವವರಿದ್ದರು. ಬಾಣಂತಿಗೆ ಕರಿಯ ಕೋಳಿ ಒಳ್ಳೆಯದು ಎನ್ನುವವರಿದ್ದರು. ಯಾವುದು ಬೇಕೆಂದರೂ ಒಂದು ಇರಲಿ ಎಂಬುದು ಸಾಕುವವಳ ಜಾಣತನ.

ಹೊರಗಿನಿಂದ ಬಂದ ಕೋಳಿಗಳು

ಹೊಸ ಕಾಲದ ಪಶುಪಾಲನೆ ನಮ್ಮ ಸೀಮೆಗೆ ಬೇಗನೆ ಬಂತು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ, ಹಿಂದೆ ಸೈನ್ಯದ ಕುದುರೆಗಳ ಡಿಪೋ ಇದ್ದ ಜಾಗದಲ್ಲಿ, 1924ರಲ್ಲಿ ಸರ್ಕಾರಿ ಜಾನುವಾರು ಫಾರಂ ಆರಂಭವಾಯಿತು. 1600 ಎಕರೆಗೂ ಹೆಚ್ಚು ವಿಸ್ತಾರ. ಸುತ್ತಲ ಹಳ್ಳಿಗಳ ರೈತರು ಒಳ್ಳೆಯ ತಳಿ ಎಂದರೇನು ಎಂಬುದನ್ನು ಕಣ್ಣಾರೆ ಕಂಡದ್ದು ಅಲ್ಲಿ. ಇಂದು ಅದೇ ಮತ್ತಿಗಿರಿಯಲ್ಲಿ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ, ಕೋಳಿ ಸಾಕಾಣಿಕೆಗೇ ಮೀಸಲಾದ ಕಾಲೇಜು ಇದೆ. ನಮ್ಮ ಮನೆಬಾಗಿಲಲ್ಲೇ ಇಂಥ ಸಂಸ್ಥೆ ಇದ್ದೂ ಎಷ್ಟು ಜನ ಅಲ್ಲಿಗೆ ಹೋಗಿ ಒಂದು ಮಾತು ಕೇಳಿದ್ದಾರೆ ಎಂಬುದನ್ನು ನಾವೇ ಯೋಚಿಸಬೇಕು.

ಸುಮಾರು ಅದೇ ಕಾಲದಲ್ಲಿ, 1920ರ ದಶಕದಲ್ಲಿ, ತಿರುವಾಂಕೂರಿನ ಮಾರ್ತಾಂಡಂನಲ್ಲಿ ಅಮೆರಿಕದ ಸ್ಪೆನ್ಸರ್ ಹ್ಯಾಚ್ ಅವರು ವೈ.ಎಂ.ಸಿ.ಎ. ಮೂಲಕ ಗ್ರಾಮ ಪುನರ್ರಚನೆಯ ಕೆಲಸ ನಡೆಸಿದರು. ಬಡವರಿಗೆ ಸುಧಾರಿತ ಕೋಳಿ ಸಾಕುವುದನ್ನು ಕಲಿಸಿ, ಮೊಟ್ಟೆಯನ್ನು ಒಟ್ಟುಗೂಡಿಸಿ ಸಹಕಾರದಲ್ಲಿ ಮಾರುವ ವ್ಯವಸ್ಥೆ ಮಾಡಿದರು. ಒಂದೊಂದು ಮನೆಯ ನಾಲ್ಕು ಮೊಟ್ಟೆಗೆ ಬೆಲೆ ಸಿಗದು, ನೂರು ಮನೆಯ ನಾನೂರು ಮೊಟ್ಟೆಗೆ ಸಿಗುತ್ತದೆ ಎಂಬ ಸರಳ ಪಾಠ ಅದು.

ಸ್ವಾತಂತ್ರ್ಯ ಬಂದ ಮೇಲೆ ಬಿಳಿಯ ಲೆಗ್‌ಹಾರ್ನ್, ಕೆಂಚು ಬಣ್ಣದ ರೋಡ್ ಐಲೆಂಡ್ ಕೋಳಿಗಳು ಸರ್ಕಾರದ ಕೇಂದ್ರಗಳ ಮೂಲಕ ಹಳ್ಳಿಗೆ ಬಂದವು. ಆಮೇಲೆ ಫಾರಂಗಳ ಕಾಲ. ನಮ್ಮ ದಕ್ಷಿಣಕ್ಕಿರುವ ನಾಮಕ್ಕಲ್ ಮೊಟ್ಟೆಯ ರಾಜಧಾನಿಯಾಯಿತು. ತಮಿಳುನಾಡಿನಲ್ಲಿ 1982ರಲ್ಲಿ ಆರಂಭವಾದ ಪೌಷ್ಟಿಕ ಮಧ್ಯಾಹ್ನದ ಊಟಕ್ಕೆ 1989ರಲ್ಲಿ ಮೊಟ್ಟೆ ಸೇರಿತು. ಬಡ ಮಕ್ಕಳ ತಟ್ಟೆಗೆ ಮೊಟ್ಟೆ ಬಂದದ್ದು ಫಾರಂ ಕೋಳಿಯಿಂದ. ಅದನ್ನು ಹೀಗಳೆಯಬಾರದು. ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ, ಫಾರಂನ ಬಿಳಿ ಕೋಳಿ 300ರ ಹತ್ತಿರ ಇಡುತ್ತದೆ.

ಆದರೆ ಈ ಬಿಳಿ ಕೋಳಿ ಹಿತ್ತಿಲಿನದಲ್ಲ. ಹದ್ದಿಗೆ ದೂರದಿಂದಲೇ ಕಾಣುತ್ತದೆ, ಕಾವು ಕೂರುವುದಿಲ್ಲ, ಕೊಂಡ ಮೇವೇ ಬೇಕು. ಇದನ್ನು ಮನಗಂಡೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 1980ರ ದಶಕದಲ್ಲಿ ಗಿರಿರಾಜ ಎಂಬ ಬಣ್ಣದ ಕೋಳಿಯನ್ನು ಬೆಳೆಸಿದರು. ಹಿತ್ತಿಲಲ್ಲಿ ತಿರುಗಿ ಮೇಯುತ್ತದೆ, ತೂಕ ಬೇಗ ಬರುತ್ತದೆ, ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಆಮೇಲೆ ಸ್ವರ್ಣಧಾರಾ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಚೆನ್ನೈ ಕಡೆಯಿಂದ ನಂದನಂ ಕೋಳಿ ಬಂತು. ಗಡಿ ಎಲ್ಲಿದ್ದರೇನು, ಹೆಬ್ಬಾಳದ ಮರಿ ಅತ್ತಿಬೆಲೆ ದಾಟಿ ಹೊಸೂರಿಗೆ ಬರಲು ಎರಡು ಗಂಟೆ ಸಾಕು. 2018ರ ಹೊತ್ತಿಗೆ ತಮಿಳುನಾಡು ಸರ್ಕಾರವೂ ಬಡ ಹೆಂಗಸರಿಗೆ ನಾಟಿ ಕೋಳಿ ಮರಿಗಳನ್ನು ಉಚಿತವಾಗಿ ಹಂಚುವ ಯೋಜನೆ ತಂದಿತು.

ಹೀಗೆ ನಮ್ಮ ಹಿತ್ತಿಲಲ್ಲಿ ಈಗ ನಾಟಿ, ಅಸೀಲ್ ಬೆರಕೆ, ಗಿರಿರಾಜ, ಎಲ್ಲವೂ ಒಟ್ಟಿಗೇ ಮೇಯುತ್ತಿವೆ. ಇದೇ ಮಿಶ್ರ ಹಿಂಡು.

ಸಾಯದ ಸಾಲ

ಇಲ್ಲಿ ಒಂದು ಕಹಿ ನೆನಪನ್ನೂ ಹೇಳಬೇಕು. 1980ರ ದಶಕದಲ್ಲಿ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆ ದೇಶದ ಎಲ್ಲ ಬ್ಲಾಕುಗಳಿಗೂ ಬಂದಿತ್ತು. ಹಸು, ಕುರಿ, ಹೊಲಿಗೆ ಯಂತ್ರದ ಜೊತೆಗೆ ಕೋಳಿಗೂ ಸಾಲ ಸಿಗುತ್ತಿತ್ತು. ನಾನು ಕೆಲಸ ಮಾಡಿದ ಒಂದು ಶಾಖೆಗೆ ಸೇರಿದ ಹಳ್ಳಿಯಲ್ಲಿ ಒಬ್ಬಾಕೆ ಸಾಲ ಮಾಡಿ ಬಿಳಿ ಕೋಳಿ ಕಟ್ಟಿದರು. ಬೇಸಿಗೆ ಕಾಲಿಡುವ ಹೊತ್ತಿಗೆ ರೋಗ ಬಂತು. ಒಂದೇ ವಾರದಲ್ಲಿ ಗೂಡು ಖಾಲಿ. ಆಕೆ ಕೌಂಟರಿನ ಮುಂದೆ ನಿಂತು ಕೇಳಿದ ಮಾತು ನನಗೆ ಇನ್ನೂ ಮರೆತಿಲ್ಲ.

“ಕೋಳಿ ಎಲ್ಲಾ ಸತ್ತೋದೋ ಸಾರ್. ಈ ಸಾಲ ಯಾವಾಗ ಸಾಯ್ತದೆ?”

ನನ್ನ ಬಳಿ ಉತ್ತರವಿರಲಿಲ್ಲ. ಲೆಡ್ಜರಿನಲ್ಲಿ ಬಡ್ಡಿ ಏರುತ್ತಲೇ ಇತ್ತು. ಪಾಲಿಗೆ ಕೊಟ್ಟ ಹೇಂಟೆ ಸತ್ತರೆ ನಷ್ಟವೂ ಪಾಲಾಗುತ್ತಿತ್ತು. ಸಾಲದ ಕೋಳಿ ಸತ್ತರೆ ನಷ್ಟವೆಲ್ಲ ಒಬ್ಬಳದೇ. ಹಳೆಯ ಪದ್ಧತಿಗೂ ಹೊಸ ಪದ್ಧತಿಗೂ ಇದ್ದ ವ್ಯತ್ಯಾಸ ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ. ಬ್ಯಾಂಕಿನ ಸಾಲವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದರಿಂದ ಮೇಲೆ ಬಂದವರೂ ಬಹಳ ಜನ ಇದ್ದಾರೆ. ಆದರೆ ರೋಗಕ್ಕೆ ತಡೆ ಕಟ್ಟದೆ ಕೋಳಿ ಕಟ್ಟಿದರೆ, ಹಣ ಸಾಲದ್ದಾಗಲಿ, ಕೈಯದ್ದಾಗಲಿ, ಸರ್ಕಾರ ಪುಕ್ಕಟೆ ಕೊಟ್ಟದ್ದಾಗಲಿ, ಫಲ ಒಂದೇ.

ರಾಣಿಖೇತ್ ಮತ್ತು ರಾಣಿಪೇಟೆ

ಆ ರೋಗ ಯಾವುದು? ನಾವು ಕೊಕ್ಕರೆ ರೋಗ ಎನ್ನುತ್ತೇವೆ. ತಮಿಳಿನಲ್ಲಿ ವೆಳ್ಳೈ ಕಳಿಚ್ಚಲ್, ಅಂದರೆ ಬಿಳಿ ಭೇದಿ, ಎನ್ನುತ್ತಾರೆ. ಪುಸ್ತಕದ ಹೆಸರು ರಾಣಿಖೇತ್ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಕಾಣಿಸಿತು. ಅಲ್ಲಿಂದ ನಮ್ಮ ದೇಶದಲ್ಲಿ ಆ ಹೆಸರೇ ನಿಂತಿತು. ಕೋಳಿ ರೆಕ್ಕೆ ಜೋಲು ಬಿಡುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಹಸಿರು ಬೆರೆತ ಬಿಳಿ ಹಿಕ್ಕೆ ಹಾಕುತ್ತದೆ, ಕೆಲವು ಕತ್ತು ತಿರುಚಿಕೊಳ್ಳುತ್ತವೆ. ಬಂದ ಮೇಲೆ ಮದ್ದಿಲ್ಲ. ಬೆಳ್ಳುಳ್ಳಿ, ಅರಿಸಿನ, ಮೆಣಸು ಅರೆದು ಹಾಕುವವರಿದ್ದಾರೆ. ಅದರಿಂದ ಈ ರೋಗ ನಿಲ್ಲುವುದಿಲ್ಲ.

ಮದ್ದಿಲ್ಲ ನಿಜ, ಆದರೆ ತಡೆ ಇದೆ. ಹಿಮಾಲಯದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿಯೇ ಲಸಿಕೆ ಸಿದ್ಧವಾಯಿತು. ನಮ್ಮ ರಾಜ್ಯದ ರಾಣಿಪೇಟೆಯಲ್ಲಿ, 1932ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆಯಲ್ಲಿ, ಈ ಲಸಿಕೆ ತಯಾರಾಗುತ್ತದೆ. ರೋಗದ ಹೆಸರು ರಾಣಿಖೇತ್, ಲಸಿಕೆಯ ಊರು ರಾಣಿಪೇಟೆ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಲಸಿಕೆ ಬಂದು 75 ವರ್ಷ ದಾಟಿದರೂ ಹಿತ್ತಿಲ ಕೋಳಿ ಏಕೆ ಸಾಯುತ್ತಿದೆ? ಲಸಿಕೆ ತಂಪಿನಲ್ಲಿರಬೇಕು. ಕಲಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಶೀಷೆಯಲ್ಲಿ 100 ಹಕ್ಕಿಗಾದರೂ ಆಗುವಷ್ಟು ಇರುತ್ತದೆ. ಹತ್ತು ಕೋಳಿ ಇರುವ ಒಬ್ಬಾಕೆ ಒಂದು ಶೀಷೆ ತಂದು ಏನು ಮಾಡಿಯಾರು? ಅಡ್ಡಿ ಇರುವುದು ಇಲ್ಲಿ. ಇದಕ್ಕೆ ಪರಿಹಾರ ಮಾರ್ತಾಂಡಂನ ಪಾಠವೇ. ಬೀದಿಯ ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿ, ಬೆಳಿಗ್ಗೆ ಗೂಡು ತೆರೆಯುವ ಮುಂಚೆ, ಎಲ್ಲ ಕೋಳಿಗಳಿಗೂ ಒಟ್ಟಿಗೆ ಹಾಕಿಸಬೇಕು. ತಮಿಳುನಾಡಿನ ಪಶುಸಂಗೋಪನಾ ಇಲಾಖೆ ಫೆಬ್ರವರಿಯ ಸುಮಾರಿಗೆ ಈ ರೋಗದ ಲಸಿಕೆ ಶಿಬಿರ ನಡೆಸುತ್ತದೆ. ಊರಿಗೆ ಬಂದವರನ್ನು “ನಮ್ಮ ಕೋಳಿಗೆ ಏನೂ ಆಗಿಲ್ಲ” ಎಂದು ವಾಪಸು ಕಳಿಸಬೇಡಿ. ಏನೂ ಆಗದಿರುವಾಗಲೇ ಹಾಕಿಸಬೇಕು.

ಕ್ರಮ ಹೀಗೆ. ಮರಿಗೆ 5ರಿಂದ 7 ದಿನವಾದಾಗ ಎಫ್ ಅಥವಾ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ. ನಾಲ್ಕು ವಾರಕ್ಕೆ ಲಸೋಟಾ ಇನ್ನೊಮ್ಮೆ. ಎಂಟು ವಾರಕ್ಕೆ ರೆಕ್ಕೆಯ ಕೆಳಗೆ ಚುಚ್ಚುವ ಲಸಿಕೆ. ಕೋಳಿ ಸಿಡುಬಿಗೆ ಬೇರೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಎರಡು ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡಿ. ಆಗಲೇ ಕಾಯಿಲೆ ಬಿದ್ದ ಹಕ್ಕಿಗೆ ಲಸಿಕೆ ಹಾಕಿಸಬೇಡಿ.

ಮಿಶ್ರ ಹಿಂಡಿನ ಲೆಕ್ಕ

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. ಒಂದು ಮನೆಗೆ 4 ನಾಟಿ ಹೇಂಟೆ, 6 ಗಿರಿರಾಜ ಅಥವಾ ಅಂಥದೇ ಹೇಂಟೆ, 1 ನಾಟಿ ಹುಂಜ, ಹೀಗೆ 11 ಹಕ್ಕಿ ಸಾಕು. ಒಂದು ಹುಂಜಕ್ಕೆ 8ರಿಂದ 10 ಹೇಂಟೆ ಸರಿಯಾದ ಅಳತೆ. ಎರಡು ಹುಂಜ ಇಟ್ಟರೆ ಜಗಳದಲ್ಲೇ ದಿನ ಕಳೆಯುತ್ತವೆ. ಗಿರಿರಾಜ ಹುಂಜ ಭಾರ, ಸಣ್ಣ ನಾಟಿ ಹೇಂಟೆಯ ಬೆನ್ನು ಗಾಯವಾಗುತ್ತದೆ. ಅದಕ್ಕೇ ಹುಂಜ ನಾಟಿಯದಿರಲಿ. ಎರಡು ವರ್ಷಕ್ಕೊಮ್ಮೆ ದೂರದ ಊರಿನ ನಂಟರೊಡನೆ ಹುಂಜ ಬದಲಿ ಮಾಡಿಕೊಳ್ಳಿ. ಒಂದೇ ರಕ್ತದಲ್ಲಿ ಮರಿ ಮಾಡುತ್ತಾ ಹೋದರೆ ಹಿಂಡು ಸೊರಗುತ್ತದೆ.

6 ಗಿರಿರಾಜ ಹೇಂಟೆಗೆ ತಲಾ 130 ಮೊಟ್ಟೆಯಂತೆ ವರ್ಷಕ್ಕೆ 780 ಮೊಟ್ಟೆ. ವಾರಕ್ಕೆ 15. ಮನೆಯ ಮಕ್ಕಳಿಗೆ ತಿನ್ನಿಸಿ ಉಳಿದದ್ದು ಮಾರಬಹುದು. ಆದರೆ ಗಿರಿರಾಜ ಕಾವು ಕೂರುವುದು ಅಪರೂಪ. ಆ ಕೆಲಸ ನಾಟಿ ಹೇಂಟೆಯದು. ಒಂದೊಂದು ನಾಟಿ ಹೇಂಟೆಯನ್ನು ವರ್ಷಕ್ಕೆ ಎರಡು ಸಲ ಕಾವಿಗೆ ಕೂರಿಸಿದರೆ ನಾಲ್ಕಕ್ಕೆ 8 ಕಾವು. ಒಂದು ಕಾವಿಗೆ 12 ಮೊಟ್ಟೆ ಇಟ್ಟರೆ 9ಕ್ಕೆ ಮೋಸವಿಲ್ಲ. ಲಸಿಕೆಯಿಲ್ಲದೆ, ರಾತ್ರಿ ಭದ್ರವಿಲ್ಲದೆ ಬಿಟ್ಟರೆ ಅದರಲ್ಲಿ 3 ಉಳಿದೀತು. ನೋಡಿಕೊಂಡರೆ 7 ಉಳಿದಾವು. 8 ಕಾವಿಗೆ ಲೆಕ್ಕ ಹಾಕಿ. ಬಿಟ್ಟಿ ಸಾಕಾಣಿಕೆಗೆ 24 ಹಕ್ಕಿ, ಕಾಳಜಿಯ ಸಾಕಾಣಿಕೆಗೆ 56 ಹಕ್ಕಿ. ನಡುವೆ ಇರುವ 32 ಹಕ್ಕಿಗೆ ನಿಮ್ಮೂರ ಸಂತೆಯಲ್ಲಿ ಏನು ಬೆಲೆಯೋ ನೀವೇ ಗುಣಿಸಿಕೊಳ್ಳಿ. ಇದು ಯಾವುದೇ ಪುಸ್ತಕದ ಲೆಕ್ಕವಲ್ಲ, ಕಂಡು ಕೇಳಿದ್ದರ ಮೇಲೆ ನಾನು ಹಾಕಿದ ಅಂದಾಜು.

ಕಾವಿಗೆ ಇಡುವ ಮೊಟ್ಟೆ ಒಂದು ವಾರದೊಳಗಿನದಾಗಿರಲಿ, ತಂಪು ಜಾಗದಲ್ಲಿ ಮರಳಿನ ಮೇಲೆ ಇಟ್ಟಿರಲಿ, ತೊಳೆಯಬೇಡಿ. ಅಂಗಡಿಯ ಮೊಟ್ಟೆ ಇಟ್ಟರೆ ಮರಿಯಾಗದು, ಅಲ್ಲಿನ ಹೇಂಟೆಗಳು ಹುಂಜವನ್ನೇ ಕಂಡಿರುವುದಿಲ್ಲ. ಏಳನೆಯ ದಿನ ರಾತ್ರಿ ಟಾರ್ಚಿನ ಬೆಳಕಿನಲ್ಲಿ ನೋಡಿ, ಒಳಗೆ ಕೆಂಪು ನರ ಕಾಣದ ಮೊಟ್ಟೆ ತೆಗೆದುಬಿಡಿ. ಹಿಂಡಿನೊಳಗೆ ಹುಟ್ಟಿದ ಬೆರಕೆ ಮರಿಗಳನ್ನು ಬೆಳೆಸಿ ಮಾರಿ. ಅವು ಗಿರಿರಾಜದಷ್ಟೇ ಮೊಟ್ಟೆ ಇಡುತ್ತವೆ ಎಂದು ನೆಚ್ಚಬೇಡಿ. ಗಿರಿರಾಜ ಬೇಕಾದರೆ ಹ್ಯಾಚರಿಯಿಂದಲೇ ತರಬೇಕು.

ಚಳಿಯ ಮಾತು ಮರೆಯಬಾರದು. ಹೊಸೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ತಳಿಯನ್ನು ಬ್ರಿಟಿಷರು ಪುಟ್ಟ ಇಂಗ್ಲೆಂಡ್ ಎಂದು ಕರೆದದ್ದು ಸುಮ್ಮನೆ ಅಲ್ಲ. ಡಿಸೆಂಬರಿನಲ್ಲಿ ಹ್ಯಾಚರಿಯ ಮರಿ ತಂದು ತಾಯಿಯಿಲ್ಲದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು, ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸಿ. ಬಲ್ಬಿನ ಕೆಳಗೆ ಮರಿ ಗುಂಪುಗೂಡಿದರೆ ಚಳಿ, ದೂರ ಓಡಿದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ಸಂಕ್ರಾಂತಿ ಕಳೆದು ಚಳಿ ಇಳಿದ ಮೇಲೆ ಮರಿ ತರುವುದು ಎಲ್ಲಕ್ಕಿಂತ ಒಳ್ಳೆಯದು.

ಮೇವಿಗೆ ನಮ್ಮ ರಾಗಿ, ನುಚ್ಚು, ಸಜ್ಜೆ ಇವೆ. ಕಾಳಿಗಾಗಿ ಬಂದ ಹಕ್ಕಿ ಎಂದು ಮೊದಲೇ ಹೇಳಿದೆ. ಆದರೆ ಕಾಳು ಮಾತ್ರ ಸಾಲದು. ನುಗ್ಗೆ ಸೊಪ್ಪು, ಅಜೋಲ್ಲಾ ಹಾಕಿ. ಹಳೆಯ ಮಡಕೆಗೆ ಸಗಣಿ, ಹಳೇ ಗೋಣಿ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಜಾಗದಲ್ಲಿ ಸಂಜೆ ಕವುಚಿ ಹಾಕಿದರೆ ಬೆಳಿಗ್ಗೆ ಮರಿಗೆ ಬೇಕಾದಷ್ಟು ಗೆದ್ದಲು ಸಿಗುತ್ತದೆ. ನಮ್ಮ ಹಿರಿಯರ ಉಪಾಯ ಇದು. ಮೊಟ್ಟೆಯಿಡುವ ಹೇಂಟೆಗೆ ಪುಡಿ ಮಾಡಿದ ಮೊಟ್ಟೆಯ ಚಿಪ್ಪನ್ನೋ ಸುಣ್ಣದ ಕಲ್ಲಿನ ಪುಡಿಯನ್ನೋ ಬೇರೆ ತಟ್ಟೆಯಲ್ಲಿಡಿ. ರಾತ್ರಿಗೆ ನೆಲದಿಂದ ಎರಡು ಅಡಿ ಎತ್ತರದ ಗೂಡು, ಹಕ್ಕಿಗೆ ಒಂದು ಚದರಡಿಗೆ ಕಡಿಮೆಯಿಲ್ಲದ ಜಾಗ, ಬಿಗಿಯಾದ ಬಾಗಿಲು ಇದ್ದರೆ ಕಾಡುಬೆಕ್ಕು, ಮುಂಗುಸಿಯ ಭಯವಿಲ್ಲ.

ಬೆರೆಸಬಾರದ್ದು

ಮಿಶ್ರ ಹಿಂಡು ಎಂದರೆ ಎಲ್ಲವನ್ನೂ ಬೆರೆಸುವುದು ಎಂದಲ್ಲ. ಟರ್ಕಿ ಕೋಳಿಯನ್ನು ನಾಟಿ ಕೋಳಿಯ ಜೊತೆ ಬಿಡಬೇಡಿ. ಕೋಳಿಯ ಹೊಟ್ಟೆಯ ಜಂತುಹುಳದ ಮೂಲಕ ಹರಡುವ ಕಪ್ಪುತಲೆ ರೋಗ ಕೋಳಿಯನ್ನು ಅಷ್ಟಾಗಿ ಕಾಡದು, ಟರ್ಕಿಯನ್ನು ಕೊಲ್ಲುತ್ತದೆ. ಬಾತುಕೋಳಿ ಕುಡಿಯುವ ನೀರನ್ನೆಲ್ಲ ಕೆಸರು ಮಾಡುತ್ತದೆ, ಬೇರೆ ಇಡಿ. ಸಣ್ಣ ಮರಿಗಳನ್ನು ದೊಡ್ಡ ಕೋಳಿಗಳ ಜೊತೆ ಬಿಡಬೇಡಿ, ಕುಕ್ಕಿ ಕೊಲ್ಲುತ್ತವೆ. ಮುಖ್ಯವಾಗಿ, ಸಂತೆಯಿಂದ ತಂದ ಹಕ್ಕಿಯನ್ನು ನೇರ ಹಿಂಡಿಗೆ ಬಿಡಬೇಡಿ. ಎರಡು ಮೂರು ವಾರ ಬೇರೆ ಮಂಕರಿಯಲ್ಲಿಟ್ಟು ನೋಡಿ, ಆಮೇಲೆ ಒಂದು ರಾತ್ರಿ ಕತ್ತಲಲ್ಲಿ ಗೂಡಿಗೆ ಸೇರಿಸಿ. ಬೆಳಗಾದಾಗ ಜಗಳ ಕಡಿಮೆ. ಪೋಚಂಪಳ್ಳಿಯಂಥ ದೊಡ್ಡ ಸಂತೆಗೆ ಹತ್ತಾರು ಊರುಗಳ ಹಕ್ಕಿ ಬಂದಿರುತ್ತವೆ. ಮಾರದೆ ಉಳಿದದ್ದನ್ನು ವಾಪಸು ತಂದಾಗಲೂ ಇದೇ ನಿಯಮ.

2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿದ ಹಕ್ಕಿಜ್ವರ, 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಫಾರಂಗೂ ಬಂತು. ಅಲ್ಲಿ ಮೊದಲು ಸತ್ತದ್ದು ಟರ್ಕಿ ಕೋಳಿಗಳು. ಸಾವಿರಾರು ಹಕ್ಕಿಗಳನ್ನು ನಾಶಮಾಡಬೇಕಾಯಿತು. ತಿಳಿದವರ ಫಾರಂಗೇ ಹೀಗಾದರೆ ನಮ್ಮ ಹಿತ್ತಿಲಿನ ಪಾಡೇನು? ಆದ್ದರಿಂದ ಒಮ್ಮೆಗೇ ಹಲವು ಹಕ್ಕಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕೆರೆಗೆ ಬಿಸಾಡಬೇಡಿ, ಅಗ್ಗಕ್ಕೆ ಮಾರಿ ಕೈತೊಳೆದುಕೊಳ್ಳಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ.

ಕೊನೆಯ ಮಾತು

ಕೋಳಿ ಕಾಲಿಗೆ ಗೆಜ್ಜೆ ಕಟ್ಟಿದರೆ ತಿಪ್ಪೆ ಕೆದರುವುದು ಬಿಟ್ಟೀತೇ ಎಂಬ ಗಾದೆ ನಮ್ಮಲ್ಲಿದೆ. ಹಂಗಿಸಲು ಹೇಳುವ ಗಾದೆ ಅದು. ನನಗೆ ಅದರಲ್ಲಿ ಬೇರೆ ಅರ್ಥ ಕಾಣುತ್ತದೆ. ತಿಪ್ಪೆ ಕೆದರಿ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುವುದು, ತನ್ನ ಮರಿ ತಾನೇ ಸಾಕುವುದು, ಇದೇ ನಾಟಿ ಹೇಂಟೆಯ ಗುಣ. ಹೆಚ್ಚು ಮೊಟ್ಟೆಯ ಆಸೆಗೆ ಹಿಂಡನ್ನೆಲ್ಲ ಹೊಸ ತಳಿಗೆ ಬದಲಿಸಿದ ಮನೆಗಳಲ್ಲಿ ಈಗ ಕಾವು ಕೂರುವ ಒಂದು ಹೇಂಟೆಯೂ ಸಿಗದು. ಅವರು ಪ್ರತಿ ವರ್ಷ ಮರಿಗಾಗಿ ಹ್ಯಾಚರಿಯ ಬಾಗಿಲು ಕಾಯಬೇಕು. ಮರಿ ಸಿಗದ ವರ್ಷ ಗೂಡು ಖಾಲಿ. ಹೊಸ ತಳಿ ಬೇಡ ಎಂದು ನಾನು ಹೇಳುವುದಿಲ್ಲ. ಹೊಸದು ಎಷ್ಟೇ ಬರಲಿ, ಕಾವು ಕೂರುವ ನಾಲ್ಕು ನಾಟಿ ಹೇಂಟೆಗಳನ್ನು ಮಾತ್ರ ಮಾರಬೇಡಿ, ಕೊಯ್ಯಬೇಡಿ. ನೆರೆಮನೆಯವರಲ್ಲಿ ಇಲ್ಲದಿದ್ದರೆ ಒಂದನ್ನು ಪಾಲಿಗೆ ಕೊಡಿ. ನಿಮ್ಮ ಹಿಂಡಿಗೆ ರೋಗ ಬಂದ ವರ್ಷ ಅವರ ಮನೆಯಿಂದ ನಿಮಗೆ ಮತ್ತೆ ಮರಿ ಬಂದೀತು.

ಇದನ್ನು ಓದಿದ ಮೇಲೆ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಕೋಳಿ ಸಾಕುವ ಮನೆಗಳೆಷ್ಟು, ಒಟ್ಟು ಹಕ್ಕಿಗಳೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ, ಯಾವ ಭಾಷೆಯಲ್ಲಾದರೂ ಸರಿ. ಲಸಿಕೆಗೆ ಯಾವ ದಿನ ಬರಬೇಕೆಂದು ಗೊತ್ತುಮಾಡಿಕೊಂಡು, ಆ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.